ತಡ ಮಾಡಿದ್ದು ಟೀವಿ

ಜಮಖಂಡಿಯ ಆ ಟೀವಿ ಅಂಗಡಿಯವನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ. ನನ್ನ ಅಣ್ಣ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುವಾಗಲೇ ಆತ ಹಲ್ಲು ಕಿರಿದು, "ಟೀವಿ ಫಸ್ಟ್ ಕ್ಲಾಸ್ ಐತ್ರಿ ಅಕ್ಕಾರ. ವಯಸ್ಸಾದ ಮ್ಯಾಲ ಮನಷ್ಯಾನ ಕೈ ನಿಧಾನ ಆಗತಾವ. ಅದಕ್ಕ ವಾರಂಟಿ ಇರಂಗಿಲ್ಲ ನೋಡ್ರಿ" ಅಂದ. ಅಂಗಡಿಯಲ್ಲಿದ್ದ ನಾಲ್ಕು ಮಂದಿ ನಕ್ಕರು. ಅಣ್ಣನೂ ಸಣ್ಣಗೆ ನಕ್ಕ. ಅಂಗಡಿಯವನ ಮಾತಿಗಿಂತ ಅಣ್ಣನ ಆ ನಗೆ ನೋಡಿಯೇ ನನಗೆ ನೆತ್ತಿಗೇರಿದ್ದು.

ಅಣ್ಣ ನನಗಿಂತ ಹತ್ತು ವರ್ಷ ದೊಡ್ಡವನು, ಈಗ ಐವತ್ತರ ಹತ್ತಿರ. ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರ ಮನೆಯ ವಿದ್ಯುತ್ ಮಗ್ಗ ಕೆಟ್ಟರೂ ರಿಪೇರಿಗೆ ಅವನನ್ನೇ ಕರೆಯುತ್ತಾರೆ. ಎಲ್ಲರ ಬಾಯಲ್ಲೂ ಅವನು ಮಿಸ್ತ್ರಿ. ಮಗ್ಗದ ಸದ್ದು ಕೇಳಿಯೇ ಎಲ್ಲಿ ಸಡಿಲಾಗಿದೆ ಎಂದು ಹೇಳುತ್ತಿದ್ದ. ನಾನು ಅವನ ಮನೆಯಿಂದ ಎರಡು ಬಾಗಿಲು ದಾಟಿ ಇರುವವಳು. ಸೀರೆಯ ಅಂಚಿಗೆ ಕಂಪ್ಯೂಟರಿನಲ್ಲಿ ಡಿಜೈನ್ ಬರೆಯುವುದು ನನ್ನ ಕೆಲಸ. ಸಿಟ್ಟೆಲ್ಲ ನಿನಗ ಬಂತು, ಸಮಾಧಾನ ಎಲ್ಲಾ ಅವಗ ಹೋತು ಎಂದು ನಮ್ಮವ್ವ ಬದುಕಿರುವ ತನಕ ಅನ್ನುತ್ತಿದ್ದಳು.

ಮಗ್ಗದಲ್ಲಿ ಲಾಳಿ ಈ ಕಡೆಯ ಪೆಟ್ಟಿಗೆಯಿಂದ ಆ ಕಡೆಯ ಪೆಟ್ಟಿಗೆಗೆ ನೂಲು ಎಳೆದುಕೊಂಡು ಓಡುತ್ತದೆ. ಅದು ಹೋಗಿ ಸೇರುವುದು ಒಂದು ಚಿಟಿಕೆಯಷ್ಟು ತಡವಾದರೂ ಮಗ್ಗ ಧಡ್ ಎಂದು ನಿಂತುಬಿಡುತ್ತದೆ. ಆಗ ಮಿಸ್ತ್ರಿ ಬಂದು, ಲಾಳಿಗೆ ಬೀಳುವ ಹೊಡೆತವನ್ನು ಒಂದಿಷ್ಟು ಮುಂಚೆಯೇ ಬೀಳುವಂತೆ ಮಾಡಿಕೊಡುತ್ತಾನೆ. ಮೊದಲು ಹೊರಟರೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ. ಇಷ್ಟನ್ನು ಇಲ್ಲಿಯೇ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿಕೊಂಡ ಎಡವಟ್ಟೆಲ್ಲ ಇದನ್ನು ಮರೆತದ್ದರಿಂದಲೇ ಆದದ್ದು. ಮಗ್ಗದ ಓಣಿಯಲ್ಲಿ ಹುಟ್ಟಿ ಬೆಳೆದವಳಿಗೆ ಇದು ನೆನಪಾಗಲಿಲ್ಲ ಅಂದರೆ ನನ್ನ ತಲೆಗೆ ಏನನ್ನಬೇಕು.

ಹೋದ ವರ್ಷ ಒಂದು ಮಗ್ಗದಿಂದ ಲಾಳಿ ಹಾರಿ ಬಂದು ಅಣ್ಣನ ಬಲ ಮುಂಗೈಗೆ ಬಡಿಯಿತು. ಎಲುಬು ಮುರಿಯಿತು. ಜಮಖಂಡಿಯಲ್ಲಿ ಹೊಲಿಗೆ, ಪ್ಲಾಸ್ಟರ್ ಹಾಕಿಸಿ, ತೆಗೆಸಿ, ಎಲುಬು ಕೂಡಿದೆ ಎಂದು ಡಾಕ್ಟರು ಹೇಳಿದ್ದೂ ಆಯಿತು. ಆದರೆ ಅಣ್ಣನ ಕೈ ಮಾತ್ರ ಅವನ ಹತ್ತಿರ ವಾಪಸು ಬರಲಿಲ್ಲ. ಓಡುವ ಮಗ್ಗದ ಬಳಿ ಹೋಗುತ್ತಿದ್ದ, ಕೈ ಚಾಚುತ್ತಿದ್ದ, ಮತ್ತೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. "ಕೈ ತಡಾ ಮಾಡಾಕತ್ತೈತಿ ತಂಗಿ" ಎಂದು ನನ್ನ ಹತ್ತಿರ ಒಂದೇ ಸಲ ಹೇಳಿದ. ಮಿಸ್ತ್ರಿಯ ಕೈ ತಡ ಮಾಡಿದರೆ ಬೆರಳು ಉಳಿಯುವುದಿಲ್ಲ, ಅದು ಓಣಿಗೆಲ್ಲ ಗೊತ್ತು. ಮಂದಿ ನೋಡಿದರು, ಒಂದು ತಿಂಗಳು ಸುಮ್ಮನಿದ್ದರು, ಆಮೇಲೆ ರಬಕವಿಯಿಂದ ಬೇರೆಯವನನ್ನು ಕರೆಸತೊಡಗಿದರು. ಮೂವತ್ತು ವರ್ಷ ಅವನ ಕೈಯಿಂದ ಮಗ್ಗ ಓಡಿಸಿಕೊಂಡವರಿಗೆ ಇನ್ನೊಂದು ತಿಂಗಳು ಕಾಯಲು ಏನಾಗಿತ್ತು ಎಂದು ನಾನು ನಡುಬೀದಿಯಲ್ಲಿ ನಿಂತು ಕೇಳಿದ್ದೇನೆ.

ಆಟದ ವಿಚಾರ ತಲೆಗೆ ಬಂದದ್ದು ಆಗ. ನಾನು ಎಂಟೊಂಬತ್ತು ವರ್ಷದವಳಿದ್ದಾಗ ಅಣ್ಣ ಮಗ್ಗದ ಸಾಮಾನು ತರಲು ಜಮಖಂಡಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ತಗಡಿನ ಶೆಡ್ಡಿನಲ್ಲಿ ಮೂರು ವಿಡಿಯೋ ಗೇಮ್ ಯಂತ್ರಗಳಿದ್ದವು. ಹೆಣ್ಣುಮಕ್ಕಳು ಒಳಗೆ ಕಾಲಿಡುವ ಜಾಗ ಅದಲ್ಲ. ಅಣ್ಣ ಅದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳದೆ ಒಂದು ಎಣ್ಣೆ ಡಬ್ಬಿ ಬೋರಲು ಹಾಕಿ ನನ್ನನ್ನು ಅದರ ಮೇಲೆ ನಿಲ್ಲಿಸಿಕೊಳ್ಳುತ್ತಿದ್ದ. ಅವನು ಆಡುತ್ತಿದ್ದ ಆಟದಲ್ಲಿ ಮೂರನೆಯ ಹಂತದ ಕೊನೆಗೆ ಒಂದು ಸೇತುವೆ ಬರುತ್ತದೆ. ಅಲ್ಲಿ ಗದೆ ಹಿಡಿದ ಒಬ್ಬ ದಪ್ಪ ಮನುಷ್ಯ ನಿಂತಿರುತ್ತಾನೆ. ಆತ ನೆಲ ಸವರುವಂತೆ ಗದೆ ಬೀಸುತ್ತಾನೆ, ಸರಿಯಾದ ಗಳಿಗೆಗೆ ಹಾರಬೇಕು. ತಡವಾಗಿ ಹಾರಿದರೆ ಗದೆ ಕಾಲಿಗೆ ಬಡಿಯುತ್ತದೆ, ಮೊದಲೇ ಹಾರಿದರೆ ಕೆಳಗೆ ಇಳಿಯುವಾಗ ಬಡಿಯುತ್ತದೆ. ಜಮಖಂಡಿಯ ಹುಡುಗರೆಲ್ಲ ಅಲ್ಲಿಯೇ ಸಾಯುತ್ತಿದ್ದರು. ಅಣ್ಣ ಸಾಯುತ್ತಿರಲಿಲ್ಲ. "ಗದಾ ನೋಡಬ್ಯಾಡ, ಹೆಗಲು ನೋಡು. ಹೆಗಲು ಏರಿತೋ, ಹಾರು" ಎಂದು ನನ್ನ ಕಿವಿಯಲ್ಲಿ ಹೇಳಿಕೊಡುತ್ತಿದ್ದ. ಅವನ ಹೆಬ್ಬೆರಳೂ ಆ ದಪ್ಪನೆಯವನ ಹೆಗಲೂ ಒಂದೇ ದಾರಕ್ಕೆ ಕಟ್ಟಿದಂತೆ ಏಳುತ್ತಿದ್ದವು.

ಆ ಯಂತ್ರಗಳು ಈಗ ಇಲ್ಲ. ಆದರೆ ಅಂಗೈ ಅಗಲದ ಒಂದು ಚಿಕ್ಕ ಕಂಪ್ಯೂಟರ್ ಸಿಗುತ್ತದೆ. ಅದರಲ್ಲಿ ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಹಾಕಿದರೆ ಅದು ಹಳೆಯ ಯಂತ್ರದ ವೇಷ ಹಾಕಿಕೊಂಡು ಅದೇ ಆಟವನ್ನು ಹಾಗೆಯೇ ಆಡಿಸುತ್ತದೆ. ಅಣ್ಣನ ಮನೆಯಲ್ಲಿ ಹೊಸ ದೊಡ್ಡ ಟೀವಿ ಇತ್ತು. ಅದನ್ನು ಕೊಳ್ಳಲು ನಾನೇ ಜೊತೆಗೆ ಹೋಗಿದ್ದೆ, ಅದೇ ಅಂಗಡಿಗೆ. "ಚಿತ್ರ ನೀರು ಹರದಂಗ ಬರತೈತ್ರಿ" ಎಂದು ಅವನು ತೋರಿಸಿದಾಗ ನಾನೂ ಬಾಯಿ ಬಿಟ್ಟು ನೋಡಿದ್ದೆ. ಮರೆತ ಕೈಗೆ ಹಳೆಯ ಆಟ ಕೊಟ್ಟರೆ ಧೈರ್ಯ ಬಂದೀತು ಎಂದುಕೊಂಡೆ. ಅದರಲ್ಲಿ ಯಾವ ದೊಡ್ಡ ವಿಚಾರವೂ ಇರಲಿಲ್ಲ.

ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗಗಳು ನಿಲ್ಲುತ್ತವೆ. ಲಾಳಿ ಆಡಿಸುವುದಿಲ್ಲ, ನಟ್ಟು ತಿರುಗಿಸುವ ಪಾನಾ ಮುಟ್ಟುವುದಿಲ್ಲ, ಮಗ್ಗಕ್ಕೆ ಪೂಜೆ ಮಾಡಿ ಹೋಳಿಗೆ ಉಣ್ಣುತ್ತೇವೆ. ಓಣಿಯೆಲ್ಲ ಸದ್ದಿಲ್ಲದೆ ಇರುತ್ತದೆ, ಆದರೂ ಜನ ರೂಢಿಯಂತೆ ಕೂಗಿ ಕೂಗಿಯೇ ಮಾತಾಡುತ್ತಿರುತ್ತಾರೆ. ಅಂಥ ಒಂದು ಅಮಾವಾಸ್ಯೆಯ ಮುಂಜಾನೆ ಪೂಜೆ ಮುಗಿದ ಮೇಲೆ ಟೀವಿಗೆ ಆಟ ಹಚ್ಚಿ, ವೈರ್ ಇಲ್ಲದ ರಿಮೋಟಿನಂಥ ಒಂದು ಆಟದ ಗುಂಡಿಪೆಟ್ಟಿಗೆಯನ್ನು ಅಣ್ಣನ ಕೈಗೆ ಕೊಟ್ಟೆ. ಅವನ ಮುಖ ಅರಳಿತು. ತನ್ನ ಹೆಂಡತಿಯನ್ನು, ನಮ್ಮ ವೈನಿಯನ್ನು, ಒಳಗಿನಿಂದ ಕರೆದು ಕುಳ್ಳಿರಿಸಿಕೊಂಡ. ನಾನು ಎಣ್ಣೆ ಡಬ್ಬಿಯ ಕಥೆ ಎತ್ತಿದೆ, ಇಬ್ಬರೂ ನಕ್ಕರು.

ಆಮೇಲೆ ಅವನು ಮೊದಲನೆಯ ಹಂತದಲ್ಲಿಯೇ ಸತ್ತ. ಮತ್ತೆ ಆಡಿದ, ಮತ್ತೆ ಸತ್ತ. ಸೇತುವೆಯ ತನಕ ಒಂದು ಸಲ ಹೇಗೋ ಮುಟ್ಟಿದ. ಗದೆಯವನ ಹೆಗಲು ಏರಿತು, ಅಣ್ಣನ ಬೆರಳು ಗುಂಡಿ ಒತ್ತಿತು, ಪರದೆಯ ಮೇಲಿನ ಮನುಷ್ಯ ಮಾತ್ರ ಸುಮ್ಮನೆ ನಿಂತು ಪೆಟ್ಟು ತಿಂದ. ಹತ್ತು ಸಲ ಹೀಗೆಯೇ ಆಯಿತು. ಅಣ್ಣ ಪೆಟ್ಟಿಗೆಯನ್ನು ಮೆತ್ತಗೆ ಚಾಪೆಯ ಮೇಲೆ ಇಟ್ಟ.

"ನೋಡಿದಿ? ನಾ ಹೇಳಿದ್ದು ಖರೆ ಐತಿ. ಕೈ ಹೋಗ್ಯಾವ."

ವೈನಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆಗ ನಾನು ಏನು ಮಾಡಿದೆ ಅನ್ನುವುದನ್ನು ಹೇಳಬೇಕು, ಅದನ್ನು ಬಿಟ್ಟರೆ ಇದೆಲ್ಲ ಬರೀ ಬೇರೆಯವರನ್ನು ಬೈದದ್ದಾಗುತ್ತದೆ. ನಾನೂ ನಂಬಿದೆ. ಅದೇ ಮಧ್ಯಾಹ್ನ ಮನೆಗೆ ಬಂದು, ನೂಲಿನ ಅಂಗಡಿ ಇರುವ ನಮ್ಮ ದೂರದ ಸಂಬಂಧಿಕರಿಗೆ ಫೋನ್ ಹಚ್ಚಿದೆ. ಅಣ್ಣನಿಗೆ ಕುಳಿತು ಮಾಡುವ ಕೆಲಸ ಏನಾದರೂ ಇದೆಯಾ ಎಂದು ಕೇಳಿದೆ. ನೂಲಿನ ಗಂಟು ಬಂದದ್ದು ಹೋದದ್ದು ನೋಡಿಕೊಂಡು ಕುರ್ಚಿಯ ಮೇಲೆ ಕುಳಿತಿರಲಿ, ಬರುವ ಅಮಾವಾಸ್ಯೆಯ ಮರುದಿನದಿಂದ ಬರಲಿ ಎಂದರು. ನಾನು ಕೇಳಿದ್ದೆಂದು ಅವನಿಗೆ ಹೇಳಬೇಡಿ, ನೀವಾಗಿಯೇ ಕರೆದಂತೆ ಕರೆಯಿರಿ ಎಂದು ಹೇಳಿ ಫೋನ್ ಇಟ್ಟೆ. ಅವರು ಹಾಗೆಯೇ ಕರೆದರು. ಅಣ್ಣ ನೋಡೋಣ್ರಿ ಅಂದನಂತೆ.

ಎರಡು ದಿನ ಬಿಟ್ಟು ಆಟದ ಸಾಮಾನು ಬಿಚ್ಚಿಕೊಂಡು ಬರಲು ಹೋದೆ. ಬಿಚ್ಚುವ ಮುಂಚೆ ಸುಮ್ಮನೆ ನಾನೂ ಒಂದು ಆಟ ಆಡಿದೆ. ನನ್ನ ಕೈಗೆ ಏನೂ ಆಗಿರಲಿಲ್ಲ. ದಿನವಿಡೀ ಮೌಸು ಹಿಡಿದು ಕೂದಲೆಳೆಯಂಥ ಗೆರೆ ಎಳೆಯುವ ಕೈ ಅದು. ಆದರೂ ನಾನು ಹಾರು ಅಂದಾಗ ಪರದೆಯವನು ಹಾರಲಿಲ್ಲ, ಆಮೇಲೆ ಹಾರಿದ. ನಿದ್ದೆಗಣ್ಣಿನವನನ್ನು ಎಬ್ಬಿಸಿ ಕೆಲಸ ಹೇಳಿದ ಹಾಗೆ.

ಫೋನಿನಲ್ಲಿ ನಿಧಾನಗತಿಯ ವಿಡಿಯೋ ತೆಗೆಯುವ ಸೌಲಭ್ಯ ಇರುತ್ತದಲ್ಲ, ಸೆಕೆಂಡಿಗೆ ಇನ್ನೂರ ನಲವತ್ತು ಚಿತ್ರ ಹಿಡಿಯುತ್ತದೆ. ಫೋನನ್ನು ಡಬ್ಬಿಯೊಂದಕ್ಕೆ ಒರಗಿಸಿ, ನನ್ನ ಹೆಬ್ಬೆರಳು ಮತ್ತು ಟೀವಿ ಎರಡೂ ಕಾಣುವಂತೆ ಇಟ್ಟು ತೆಗೆದೆ. ಆಮೇಲೆ ಒಂದೊಂದೇ ಚಿತ್ರ ಸರಿಸುತ್ತ ಎಣಿಸಿದೆ. ಬೆರಳು ಗುಂಡಿ ಒತ್ತಿದ ಮೇಲೆ ಮೂವತ್ತು ಚಿತ್ರ ಕಳೆಯುವ ತನಕ ಪರದೆಯ ಮನುಷ್ಯನ ಕಾಲು ನೆಲ ಬಿಟ್ಟಿರಲಿಲ್ಲ. ಮೂರು ಸಲ ಎಣಿಸಿದೆ, ಮೂರು ಸಲವೂ ಮೂವತ್ತರ ಆಸುಪಾಸು. ತಡ ಮಾಡುತ್ತಿದ್ದದ್ದು ಟೀವಿ. ಬಂದ ಚಿತ್ರವನ್ನು ಇದ್ದಂತೆ ತೋರಿಸುವುದು ಬಿಟ್ಟು ಅದು ಒಳಗೆ ಕುಳಿತು ತಿಕ್ಕಿ ತೀಡಿ, ನಡುನಡುವೆ ಇಲ್ಲದ ಚಿತ್ರ ಹುಟ್ಟಿಸಿ, ನುಣುಪು ಮಾಡಿ ಆಮೇಲೆ ತೋರಿಸುತ್ತಿತ್ತು. ಆ ಅಂಗಡಿಯವನು ನೀರು ಹರದಂಗ ಅಂದಿದ್ದು ಇದಕ್ಕೇ. ಸಿನಿಮಾ ನೋಡುವವರಿಗೆ ಇದರಿಂದ ಏನೂ ಆಗುವುದಿಲ್ಲ. ಗುಂಡಿ ಒತ್ತುವವನ ಪ್ರಾಣ ಹೋಗುತ್ತದೆ.

ಆ ಹೊತ್ತು ನನಗೆ ಬಂದ ಸಿಟ್ಟು ಎಂಥದೆಂದರೆ ಟೀವಿಯ ಮೇಲೆ ಒರಳು ಎತ್ತಿ ಹಾಕಬೇಕು ಅನ್ನಿಸಿತು. ಅಣ್ಣನಿಗೆ ಎಲುಬು ಮುರಿದಾಗ ಆಗದ ಹಾನಿಯನ್ನು ಆ ಹಾಳಾದ್ದು ಒಂದು ಮುಂಜಾನೆಯಲ್ಲಿ ಮಾಡಿತ್ತು. ಮರುದಿನ ಅಣ್ಣ ಕೈ ತೋರಿಸಲು ಜಮಖಂಡಿಗೆ ಹೊರಟಿದ್ದ. ನಾನೂ ಜೊತೆಗೆ ಹೋಗಿ, ಡಾಕ್ಟರ ಹತ್ತಿರದಿಂದ ಸೀದಾ ಅಂಗಡಿಗೆ ನುಗ್ಗಿ ವಿಡಿಯೋ ತೋರಿಸಿದೆ. ಆತ ಅರ್ಧ ನೋಡಿ ಫೋನ್ ವಾಪಸು ಕೊಟ್ಟು ಆ ವಯಸ್ಸಿನ ಮಾತು ಆಡಿದ. ನಾನು ಬಾಯಿಗೆ ಬಂದಂತೆ ಬೈದೆ. ಮಂದಿ ಸೇರಿದರು. ಅಣ್ಣ ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದ.

"ಸಾಕ್ ಮಾಡಬೇ. ನನ್ನ ಸಮಾಧಾನಕ್ಕಂತ ಊರ ಮಂದಿ ಕೂಡ ಜಗಳಾ ಆಡಬ್ಯಾಡ."

"ಸಮಾಧಾನಕ್ಕಲ್ಲೋ ಯಣ್ಣಾ. ಎಣಿಸೇನಿ ನಾನು. ತಡಾ ಟೀವಿದು."

"ಕೈದು ಇರ್ಲಿ, ಟೀವಿದು ಇರ್ಲಿ. ತಡಾ ಅಂದ್ರ ತಡಾ."

ಬನಹಟ್ಟಿಯಲ್ಲಿ ಬಸ್ಸು ಇಳಿಯುವಾಗ ಅವನಾಗಿಯೇ ಹೇಳಿದ. ನೂಲಿನ ಅಂಗಡಿಯವರು ಕರೆದಿದ್ದಾರೆ, ಅಮಾವಾಸ್ಯೆಯ ಮರುದಿನ ಹೇಳುತ್ತೇನೆ ಅಂದಿದ್ದೇನೆ ಅಂದ. "ಅಮಾಸಿ ದಿನ ಇನ್ನೊಮ್ಮೆ ಆಡತೇನಿ. ಗದಾದಂವನ್ನ ದಾಟಿದ್ರ ಪಾನಾ ಹಿಡೀತೇನಿ. ಇಲ್ಲಾಂದ್ರ ಕುರ್ಚಿ ಮ್ಯಾಲ ಕುಂದ್ರತೇನಿ. ಅದರ ಮ್ಯಾಲ ನೀ ಏನೂ ಅನಬಾರದು." ಅವನು ಇಂಥ ಮಾತು ಆಡಿದರೆ ಮುಗಿಯಿತು, ಬ್ರಹ್ಮ ಬಂದರೂ ಬದಲಿಸುವುದಿಲ್ಲ. ಒಂದು ಆಟದ ಮೇಲೆ ಮನುಷ್ಯ ಬದುಕಿನ ಕಸುಬು ಇಡುತ್ತಾನಾ ಎಂದು ಯಾರಾದರೂ ಕೇಳಬಹುದು. ತನ್ನ ಕೈಯನ್ನು ಪರೀಕ್ಷೆ ಮಾಡಲು ಓಡುವ ಮಗ್ಗಕ್ಕೇ ಒಡ್ಡಬೇಕಿತ್ತೇ ಎಂದು ನಾನು ಕೇಳುತ್ತೇನೆ.

ಆಟದ ಸಾಮಾನನ್ನು ಅಣ್ಣನ ಮನೆಯಲ್ಲಿಯೇ ಬಿಟ್ಟು ಆ ತಿಂಗಳೆಲ್ಲ ನಾನು ಟೀವಿಯ ಬೆನ್ನು ಹತ್ತಿದೆ. ಸೆಟ್ಟಿಂಗಿನ ಒಳಗೆ, ಅದರ ಒಳಗೆ, ಮತ್ತೂ ಒಳಗೆ ಹೋದರೆ ಗೇಮ್ ಮೋಡ್ ಎಂಬ ಒಂದು ಸಾಲು ಸಿಕ್ಕಿತು. ಅದನ್ನು ಹಚ್ಚಿದೆ. ಚಿತ್ರ ನುಣುಪು ಮಾಡುವುದನ್ನೆಲ್ಲ ಒಂದೊಂದಾಗಿ ಆರಿಸಿದೆ. ವೈರ್ ಇಲ್ಲದ ಗುಂಡಿಪೆಟ್ಟಿಗೆ ಬಿಟ್ಟು, ಮುಧೋಳದಲ್ಲಿ ಮೂಲೆಗೆ ಬಿದ್ದಿದ್ದ ಒಂದು ಹಳೆಯ ಆಟದ ಯಂತ್ರದ ಹಿಡಿಕೆ ಮತ್ತು ಗುಂಡಿ ತಂದು, ಮರದ ಹಲಗೆಗೆ ಕೂಡಿಸಿ, ವೈರ್ ಹಾಕಿದೆ. ಎಮ್ಯುಲೇಟರಿನಲ್ಲಿ ಒಂದು ಚಿತ್ರ ಮುಗಿಯಲಿ ಎಂದು ಕಾಯುವ ಕಡೆಯೆಲ್ಲ ಕಾಯಬೇಡ ಎಂದು ಬರೆದೆ. ಇಷ್ಟು ಮಾಡಿ ಎಣಿಸಿದರೆ ಮೂವತ್ತು ಇದ್ದದ್ದು ಇಪ್ಪತ್ತಕ್ಕೆ ಬಂದಿತ್ತು. ಇನ್ನು ಇಳಿಯಲೊಲ್ಲದು. ಇಪ್ಪತ್ತೂ ತಡವೇ, ಗದೆಯವನು ಅದರಲ್ಲಿಯೂ ಅಣ್ಣನನ್ನು ಹೊಡೆದೇ ಹೊಡೆಯುತ್ತಾನೆ ಎಂಬುದು ನನ್ನ ಲೆಕ್ಕ. ಅಂಥ ಹಣೆಬರಹದ ಟೀವಿ ಅದು.

ಹಳೆಯ ಡಬ್ಬಿ ಟೀವಿಯಲ್ಲಿ ಈ ರೋಗ ಇಲ್ಲ ಎಂದು ಓದಿದ್ದೆ. ಅದರ ಗಾಜಿನ ಕೊಳವೆಯಲ್ಲಿ ಚಿತ್ರ ಬಂದ ಹಾಗೆ ಬೀಳುತ್ತದೆ, ನಡುವೆ ಯಾರೂ ಕೈ ಹಾಕುವುದಿಲ್ಲ. ಆದರೆ ಬನಹಟ್ಟಿಯಲ್ಲಿ ಡಬ್ಬಿ ಟೀವಿ ಎಲ್ಲಿದೆ? ಎಲ್ಲರೂ ಗುಜರಿಗೆ ಹಾಕಿ ಕೈ ತೊಳೆದುಕೊಂಡಿದ್ದರು. ಕೊನೆಗೆ ಬೀಳಗಿಯಲ್ಲಿ ಒಬ್ಬ ಮುದುಕ ರಿಪೇರಿಯವನ ಹತ್ತಿರ ಒಂದಿದೆ ಎಂದು ಗೊತ್ತಾಯಿತು. ಹೋಗಿ ಕೇಳಿದರೆ, "ಏನ್ ಮಾಡ್ತೀಯವ್ವಾ ಇದನ್ನ, ಮೀನಾ ಸಾಕ್ತಿಯೇನು" ಎಂದು ಚಾಷ್ಟಿ ಮಾಡಿದ. ನನಗೆ ನಗುವ ಮನಸ್ಸಿರಲಿಲ್ಲ. ಹಚ್ಚಿ ತೋರಿಸಿ ಅಂದೆ. ಹಚ್ಚಿದ, ಬಂತು.

ಅದನ್ನು ಬಸ್ಸಿನಲ್ಲಿ ತಂದ ಕಥೆ ಬೇರೆ. ಕಂಡಕ್ಟರು ಏರಿಸಿಕೊಳ್ಳಲೊಲ್ಲ. ಒಡೆದರೆ ಯಾರು ಹೊಣೆ ಅಂದ. ನಾನೇ ಹೊಣೆ, ನನ್ನ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ, ಟಿಕೆಟು ಹರಿ ಅಂದೆ. ಜಮಖಂಡಿಯ ತನಕ ಆ ಭಾರ ತೊಡೆಯ ಮೇಲೆ. ರಸ್ತೆಯಲ್ಲಿ ತಗ್ಗು ಬಂದಲ್ಲೆಲ್ಲ ಹಲ್ಲು ಕಚ್ಚಿ ಹಿಡಿದುಕೊಂಡೆ. ಇಳಿಯುವ ಹೊತ್ತಿಗೆ ಕಾಲು ಜೋಮು ಹಿಡಿದು ನೆಲವೇ ತಿಳಿಯಲಿಲ್ಲ. ಮನೆಗೆ ತಂದು, ಅಮಾವಾಸ್ಯೆಯ ಹಿಂದಿನ ರಾತ್ರಿ ಅಣ್ಣನ ಮನೆಯಿಂದ ಆಟದ ಸಾಮಾನು ತಂದುಕೊಂಡು, ಚಿಕ್ಕ ಕಂಪ್ಯೂಟರಿನ ಹಳದಿ ವೈರನ್ನು ಅದಕ್ಕೆ ಚುಚ್ಚಿ, ಆಡಿ, ವಿಡಿಯೋ ತೆಗೆದು ಎಣಿಸಿದೆ. ಬರೀ ನಾಲ್ಕು. ಕುಳಿತಲ್ಲಿಯೇ ಕಣ್ಣೀರು ಬಂತು.

ಅಮಾವಾಸ್ಯೆಯ ಮುಂಜಾನೆ ಅಣ್ಣ ಪೂಜೆಗೆ ಕುಳಿತಾಗ ನಾನು ಅವನ ಮನೆಗೆ ಹೋಗಿ ದೊಡ್ಡ ಟೀವಿಯ ವೈರು ಕಿತ್ತು, ಡಬ್ಬಿ ಟೀವಿ ಮೇಜಿನ ಮೇಲೆ ಇಟ್ಟು ಸಿದ್ಧ ಮಾಡಿದೆ. ಯಾರನ್ನೂ ಕೇಳಲಿಲ್ಲ. ವೈನಿ ಅಡುಗೆಮನೆಯಿಂದ ಇಣುಕಿ, "ಅದನ್ಯಾಕ ತಗದಿ" ಅಂದಳು. ಇದು ತಡ ಮಾಡೂದಿಲ್ಲ ವೈನಿ, ಸುಮ್ಮನಿರು ಅಂದೆ. ಅವಳು ಮತ್ತೇನೋ ಹೇಳಲು ಬಂದಳು, ಹೂರಣ ತಳ ಹಿಡಿಯುತ್ತದೆಂದು ಒಳಗೆ ಹೋದಳು. ನಾನು ಒಂದು ಗಳಿಗೆ ನಿಂತು ಕೇಳಿಸಿಕೊಂಡಿದ್ದರೆ ಆಗುತ್ತಿತ್ತು.

ಅಣ್ಣ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದ. ಆವತ್ತು ಅವನ ನಡಿಗೆಯಲ್ಲಿ ಒಂದು ಗತ್ತು ಇತ್ತು. ಡಬ್ಬಿ ಟೀವಿ ನೋಡಿ ಒಂದು ಕ್ಷಣ ನಿಂತು, ಅದರ ಮುಂದೆ ಕುಳಿತ. ನಾನು ಫೋನ್ ಒರಗಿಸಿ ವಿಡಿಯೋ ಹಚ್ಚಿಟ್ಟೆ. ಗೆದ್ದದ್ದನ್ನು ಅಂಗಡಿಯವನಿಗೆ ತೋರಿಸುವ ಉಮೇದು ನನ್ನದು.

ಮೊದಲೆರಡು ಹಂತ ತಿಣುಕಿ ತಿಣುಕಿ ದಾಟಿದ. ಸೇತುವೆ ಬಂತು. ಗದೆಯವನು ಮೂರು ಹೆಜ್ಜೆ ಇಟ್ಟ, ಬೀಸಿದ, ಅಣ್ಣ ಸತ್ತ. ಮತ್ತೆ ಆಡಿದ. ಮತ್ತೆ ಸೇತುವೆ, ಮತ್ತೆ ಸತ್ತ. ಐದು ಸಲ. ಐದನೆಯ ಸಲ ಅವನು ಗುಂಡಿಯಿಂದ ಬಲಗೈ ತೆಗೆದು ಆ ಕೈಯನ್ನೇ ನೋಡುತ್ತ ಕುಳಿತ. ಮುಂಗೈ ಮೇಲೆ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು.

"ಟೀವಿ ತಡಾ ಅಂದಿ. ತಡಾ ಇಲ್ಲದ್ದ ತಂದಿ. ಈಗೇನು ಹೇಳ್ತಿ?"

ಅವನು ಎದ್ದು ಹಿತ್ತಲಿಗೆ ಹೋದ. ಬೈಯಲು ನನಗೆ ಯಾರೂ ಉಳಿದಿರಲಿಲ್ಲ. ಟೀವಿ ಸರಿಯಿತ್ತು, ಗುಂಡಿ ಸರಿಯಿತ್ತು.

ವೈನಿ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಎದುರು ಕುಳಿತಳು. ಅವಳ ಕಣ್ಣು ತುಂಬಿದ್ದವು, ಆದರೆ ದನಿಯಲ್ಲಿ ಸಿಟ್ಟಿತ್ತು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಯಾಕ ತಗದಿಬೇ ಆ ಟೀವಿ? ನಿನ್ನಿ ಮಟಾ ಅದರಾಗ ಗೆಲ್ಲತಿದ್ರು. ದಿನಾ ಮಧ್ಯಾಹ್ನ ಊಟಾ ಆದ ಮ್ಯಾಲ ಕುಂದ್ರತಿದ್ರು. ನಿನಗ ಹೇಳಬ್ಯಾಡ, ಅಮಾಸಿ ದಿನ ಒಮ್ಮೆಲೆ ತೋರಸತೇನಿ ಅಂದಿದ್ರು. ಮೊನ್ನಿ ಗದಾದಂವನ್ನ ನಾಕ್ ಸಲ ಬೀಳಸ್ಯಾರ."

ಆ ಟೀವಿಯಲ್ಲಿ ಗೆಲ್ಲುವುದು ಆಗದ ಮಾತು. ಇಪ್ಪತ್ತು ಚಿತ್ರದ ತಡದಲ್ಲಿ ಹೆಗಲು ನೋಡಿ ಹಾರಿದರೆ ಯಾರೂ ಉಳಿಯುವುದಿಲ್ಲ. ಹಾಗಾದರೆ ಅವನು ಹೆಗಲು ನೋಡಿ ಹಾರುತ್ತಿರಲಿಲ್ಲ. ಒರಗಿಸಿಟ್ಟ ಫೋನು ಇನ್ನೂ ಅಲ್ಲಿಯೇ ಇತ್ತು. ತೆಗೆದುಕೊಂಡು ಸೇತುವೆಯ ಜಾಗ ಹುಡುಕಿ ಒಂದೊಂದೇ ಚಿತ್ರ ಸರಿಸಿದೆ. ಗದೆಯವನು ಮೂರನೆಯ ಹೆಜ್ಜೆ ಇಡುತ್ತಿದ್ದಾನೆ, ಹೆಗಲು ಇನ್ನೂ ಕೆಳಗಿದೆ, ಅಣ್ಣನ ಹೆಬ್ಬೆರಳು ಆಗಲೇ ಗುಂಡಿಯ ಮೇಲೆ ಅದುಮಿಕೊಂಡಿದೆ. ಹಾರಿ, ಇಳಿಯುವಾಗ ಗದೆ ಬಡಿಯುತ್ತದೆ. ಹೆಗಲು ಏರುವುದಕ್ಕಿಂತ ಎಷ್ಟು ಚಿತ್ರ ಮೊದಲು ಒತ್ತಿದ್ದಾನೆ ಎಂದು ಎಣಿಸಿದೆ. ಹದಿನಾರು. ಎರಡನೆಯ ಸಲದ್ದು ಹದಿನೈದು. ಮೂರನೆಯದು ಹದಿನಾರು. ನಾಲ್ಕನೆಯದು ಹದಿನೇಳು, ಐದನೆಯದು ಮತ್ತೆ ಹದಿನಾರು. ದೊಡ್ಡ ಟೀವಿಯ ಇಪ್ಪತ್ತರಲ್ಲಿ ಡಬ್ಬಿ ಟೀವಿಯ ನಾಲ್ಕು ಕಳೆದರೆ ಹದಿನಾರು.

ಅಷ್ಟೇ ಅವನು ಮಾಡಿದ್ದು. ಮೂವತ್ತು ವರ್ಷ ಮಗ್ಗಕ್ಕೆ ಏನು ಮಾಡಿದನೋ ಅದನ್ನೇ ತನ್ನ ಕೈಗೆ ಮಾಡಿಕೊಂಡಿದ್ದ. ಲಾಳಿ ತಡವಾಗಿ ಮುಟ್ಟುತ್ತದೆ ಅಂದರೆ ಅವನು ಲಾಳಿಯನ್ನು ಬೈಯುವುದಿಲ್ಲ, ಹೊಡೆತವನ್ನು ಮುಂದೆ ಮಾಡುತ್ತಾನೆ. ತಡ ಟೀವಿಯದೋ ಕೈಯದೋ ಎಂದು ಅವನು ತಲೆ ಕೆಡಿಸಿಕೊಂಡಿರಲೇ ಇಲ್ಲ. ನಾನು ಊರೂರು ತಿರುಗಿ ಸಿಟ್ಟು ಮಾಡುತ್ತಿದ್ದಾಗ ಅವನು ಮನೆಯಲ್ಲಿ ಕುಳಿತು ಹೆಬ್ಬೆರಳನ್ನು ಸರಿಯಾಗಿ ಅಷ್ಟೇ ಮುಂದಕ್ಕೆ ಕೂಡಿಸಿಕೊಂಡಿದ್ದ. ಅದನ್ನು ಕೆಡಿಸಿದವಳು ನಾನು. ಅಂಗಡಿಯವನಲ್ಲ, ಟೀವಿಯಲ್ಲ, ಓಣಿಯ ಮಂದಿಯಲ್ಲ.

ಹಿತ್ತಲಿಗೆ ಓಡಿದೆ. ಅವನು ಬಾವಿಕಟ್ಟೆಯ ಮೇಲೆ ಕುಳಿತಿದ್ದ. ಫೋನ್ ಅವನ ಮುಂದೆ ಹಿಡಿದು ಐದೂ ಸಲದ್ದನ್ನು ತೋರಿಸಿದೆ, ಎಣಿಕೆ ಹೇಳಿದೆ. ಅವನು ಫೋನ್ ತೆಗೆದುಕೊಂಡು ತಾನೇ ಚಿತ್ರ ಸರಿಸಿ ಸರಿಸಿ ನೋಡಿದ. ಕೆಟ್ಟ ಮಗ್ಗದ ಮುಂದೆ ಬಗ್ಗಿ ನಿಂತಾಗ ಅವನ ಮುಖ ಹೇಗಿರುತ್ತದೋ ಹಾಗೇ ಇತ್ತು.

"ಎಲ್ಲಾ ಸಲಾನೂ ಇಷ್ಟ?"

"ಎಲ್ಲಾ ಸಲಾನೂ ಇಷ್ಟ. ನಡುಗೋ ಕೈ ಇದ್ರ ಒಮ್ಮೆ ಐದು ಬರತಿತ್ತು, ಒಮ್ಮೆ ಐವತ್ತು ಬರತಿತ್ತು."

"ಅಂದ್ರ ಒಂದು ಹಲ್ಲು ಮುಂದ ಆಗೇತಿ" ಅಂದ. ಚಕ್ರದ ಹಲ್ಲಿನ ಮಾತು ಅದು, ಮಗ್ಗಕ್ಕೆ ಆಡುವ ಮಾತು. ಎದ್ದು ಒಳಗೆ ಬಂದು ಡಬ್ಬಿ ಟೀವಿಯ ಮುಂದೆ ಕುಳಿತ. ಮೊದಲ ಸಲ ಸತ್ತ. ಎರಡನೆಯ ಸಲವೂ ಸತ್ತ, ಆದರೆ "ಇನ್ನ ಅರ್ಧಾ ಹಿಂದ" ಎಂದು ತನಗೆ ತಾನೇ ಹೇಳಿಕೊಂಡ. ಮೂರನೆಯ ಸಲ ಗದೆಯವನು ಮೂರು ಹೆಜ್ಜೆ ಇಟ್ಟ, ಹೆಗಲು ಏರಿತು, ಹೆಬ್ಬೆರಳೂ ಕೆಳಗಿಳಿಯಿತು. ಗದೆ ಕಾಲ ಕೆಳಗೆ ಸವರಿಕೊಂಡು ಹೋಯಿತು. ಮತ್ತೆ ಬೀಸಿದ, ಮತ್ತೆ ಹಾರಿದ. ಕೊನೆಗೆ ಆ ದಪ್ಪ ಮನುಷ್ಯ ಸೇತುವೆಯಿಂದ ಕೆಳಗೆ ಬಿದ್ದ. ವೈನಿ ನನ್ನ ಹೆಗಲು ಹಿಡಿದುಕೊಂಡಿದ್ದಳು, ಅವಳ ಉಗುರು ಚುಚ್ಚಿದ್ದು ನನಗೆ ಆಮೇಲೆ ತಿಳಿಯಿತು.

ಅಣ್ಣ ಸಂಭ್ರಮ ಏನೂ ಮಾಡಲಿಲ್ಲ. ಟೀವಿ ಆರಿಸಿದ. ಗೋಡೆಗೆ ತೂಗು ಹಾಕಿದ್ದ ಪಾನಾದ ಚೀಲವನ್ನು ಒಮ್ಮೆ ನೋಡಿದ, ಅಮಾವಾಸ್ಯೆಯಾದ್ದರಿಂದ ಮುಟ್ಟಲಿಲ್ಲ. ಆಮೇಲೆ ನನ್ನ ಫೋನನ್ನು ನನ್ನ ಕೈಗೆ ಕೊಟ್ಟ.

"ನೂಲಿನ ಅಂಗಡಿಗೆ ಫೋನ್ ಹಚ್ಚು. ನಾಳಿಂದ ಬರಂಗಿಲ್ಲ ಅಂತ ಹೇಳು."

"ನೀನ ಹೇಳೋ. ಕರದದ್ದು ನಿನ್ನ."

"ಕುರ್ಚಿ ಕೇಳಿದಾಕಿ ನೀನು. ಬ್ಯಾಡಂತ ಹೇಳಾಕೀನೂ ನೀನ ಆಗಬೇಕು."

ನೂಲಿನ ಅಂಗಡಿಯವರು ಕರೆಯುವಾಗಲೇ ಬಾಯಿ ಬಿಟ್ಟಿರಬೇಕು, ಅವನಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿದ್ದೂ ಒಂದು ತಿಂಗಳು ನನ್ನ ಜೊತೆ ಉಂಡಿದ್ದ, ಬಸ್ಸಿನಲ್ಲಿ ಕುಳಿತಿದ್ದ, ಅಂಗಡಿಯಲ್ಲಿ ನಾನು ಅವನ ಪರವಾಗಿ ಕೂಗಾಡುವುದನ್ನು ಕೇಳಿಸಿಕೊಂಡಿದ್ದ. ಅವನು ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಅವನು ಬೈಯಲಿಲ್ಲ.

"ಟೀವಿ ತಡಾ ಮಾಡಿತು, ಖರೆ" ಅಂದ. "ನೀ ಭಾಳ ಲಗೂ ಮಾಡಿದಿ."

ನಾನು ಫೋನ್ ಹಚ್ಚಿದೆ. ಆ ಕಡೆಯವರು ಎತ್ತುವ ತನಕ ಅಣ್ಣ ಅಲ್ಲಿಯೇ ನಿಂತು ನನ್ನ ಮುಖ ನೋಡುತ್ತಿದ್ದ.